ರಮೇಶನ ಎರಡು ಹುಟ್ಟಿದ ದಿನಗಳು

ಒಂದು ಸಹಿ ಹಾಕುವುದಕ್ಕೆ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಹೋಗುವ ಪುಣ್ಯಾತ್ಗಿತ್ತಿ ಯಾರಾದರೂ ಇದ್ದರೆ ಅದು ನಾನೇ. ಶನಿವಾರ ಬೆಳಗ್ಗೆ ಐದಕ್ಕೆ ಶಿಕಾಗೋ ಪಕ್ಕದ ವೆಸ್ಟ್‌ಮಂಟ್ ಬಿಟ್ಟೆ. ಕಾಗದಕ್ಕೆ ಸಹಿ ಮಾಡಿ ಸ್ಕ್ಯಾನ್ ಕಳಿಸಿದ್ದರೆ ಮುಗಿಯುತ್ತಿತ್ತು. ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿರುವ ನನ್ನ ತಮ್ಮ ರಮೇಶ ಹತ್ತು ದಿನದಿಂದ ಅದನ್ನೇ ಕೇಳುತ್ತಿದ್ದ. ಮೊದಲು ಮೆಸೇಜಿನಲ್ಲಿ, ಆಮೇಲೆ ಫೋನಿನಲ್ಲಿ, ಕೊನೆಗೆ ಸಿಟ್ಟಿನಲ್ಲಿ.

ಹನ್ನೆರಡು ವರ್ಷ ಕಾದ ಮೇಲೆ ಅವನ ಗ್ರೀನ್ ಕಾರ್ಡಿನ ಸರದಿ ಬಂದಿತ್ತು. ಜನನ ಪ್ರಮಾಣಪತ್ರ ಕೇಳಿದರು. ನಮ್ಮೂರಲ್ಲಿ ಆಗ ಅದನ್ನು ಮಾಡಿಸಿದವರು ಯಾರು? ಅದಿಲ್ಲದವರು ಹಿರಿಯ ಸಂಬಂಧಿಕರಿಂದ ಅಫಿಡವಿಟ್ ಕೊಡಿಸಬಹುದಂತೆ. ನಾನು ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ‘ರಮೇಶ ನನ್ನ ತಾಯಿ ನಿಂಗಮ್ಮನವರಿಗೆ ೧೯೮೫ರ ಮಾರ್ಚ್ ಹನ್ನೊಂದರಂದು ಹುಟ್ಟಿದ್ದನ್ನು ನಾನು ಸ್ವತಃ ಬಲ್ಲೆ’ ಎಂದು ಅವನ ವಕೀಲರೇ ಬರೆದು ಕಳಿಸಿದ್ದರು. ಸೋಮವಾರದೊಳಗೆ ಸಲ್ಲಿಸದಿದ್ದರೆ ಅರ್ಜಿ ತಿರಸ್ಕಾರವಾಗಬಹುದು ಎಂದೂ ಹೆದರಿಸಿದ್ದರು.

ಅದು ಶಾಲೆಯಲ್ಲಿ ಬರೆಸಿದ ತಾರೀಕು, ಪಾಸ್‌ಪೋರ್ಟಿನಲ್ಲೂ ಅದೇ. ಮನೆಯಲ್ಲಿ ನಾವು ಅವನ ಹುಟ್ಟುಹಬ್ಬ ಮಾಡುವುದು ಫೆಬ್ರವರಿಯಲ್ಲಿ, ವರ್ಷ ಎಣಿಸುವುದು ಎಂಬತ್ತಾರರಿಂದ. ಬೇಗ ಶಾಲೆಗೆ ಸೇರಲಿ ಅಂತ ಮೇಷ್ಟ್ರು ಹನ್ನೊಂದು ತಿಂಗಳು ಜಾಸ್ತಿ ಬರೆದುಕೊಂಡರು ಅನ್ನುವುದು ಮನೆಯ ಮಾತು. ಇದರಲ್ಲಿ ಆಶ್ಚರ್ಯವೇನು? ಶಿಕಾಗೋದಲ್ಲಿ ನನಗೆ ಗೊತ್ತಿರುವ ಕನ್ನಡಿಗರಲ್ಲಿ ಅರ್ಧ ಜನ ದಾಖಲೆ ಪ್ರಕಾರ ಜೂನ್ ಒಂದರಂದೇ ಹುಟ್ಟಿದವರು. ನಾನೂ ತಲೆ ಕೆಡಿಸಿಕೊಳ್ಳದೆ ಪೆನ್ನು ತೆಗೆದೆ. ಆಗ ಆ ಕಚ್ಚಿದ ಕಥೆ ನೆನಪಾಯಿತು.

ತಮ್ಮ ಹುಟ್ಟಿದ ದಿನ ನಾನು ಅವನ ಬಾಯಿಗೆ ಬೆರಳಿಟ್ಟೆ, ಅವನು ರಕ್ತ ಬರುವ ಹಾಗೆ ಕಚ್ಚಿದ. ಮನೆಯಲ್ಲಿ ನೂರು ಸಲ ಹೇಳಿ ನಕ್ಕಿದ್ದೇವೆ. ಆ ಉರಿ ನನಗೂ ನೆನಪಿದೆ. ಹುಟ್ಟಿದ ಕೂಸಿಗೆ ಹಲ್ಲೆಲ್ಲಿಂದ ಬಂತು ಎಂದು ನಲವತ್ತು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಖಗೋಳ ವಿಜ್ಞಾನಿಯಂತೆ ನಾನು, ನಾಚಿಕೆಯಾಗಬೇಕು.

ಯಾಕೆಂದರೆ ವಯಸ್ಸಿನ ಲೆಕ್ಕಕ್ಕೆ ಸಿಗದವರನ್ನು ಹುಡುಕುವುದೇ ನನ್ನ ಕೆಲಸ. ಒಂದು ತಾರಾಗುಚ್ಛದ ನಕ್ಷತ್ರಗಳೆಲ್ಲ ಒಂದೇ ಮೋಡದಲ್ಲಿ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟಿದವು. ದೊಡ್ಡವು ನೀಲಿಯಾಗಿ ಉರಿದು, ಬೇಗ ಕೆಂಪಾಗಿ ಉಬ್ಬಿ, ಮುಗಿದುಹೋಗುತ್ತವೆ. ನಾನು ನೋಡುವ ಗುಚ್ಛಕ್ಕೆ ಸುಮಾರು ನಾನೂರು ಕೋಟಿ ವರ್ಷ. ಅಷ್ಟು ಹಳೆಯದರಲ್ಲಿ ನೀಲಿ ನಕ್ಷತ್ರ ಉಳಿದಿರಬಾರದು. ಆದರೂ ಕೆಲವು ಜೊತೆಯವಕ್ಕಿಂತ ಬಿಸಿಯಾಗಿ, ಪ್ರಕಾಶವಾಗಿ ಉರಿಯುತ್ತಿವೆ. ಬ್ಲೂ ಸ್ಟ್ರಾಗ್ಲರ್ ಅನ್ನುತ್ತಾರೆ, ವಯಸ್ಸಾಗುವ ಸಾಲಿನಲ್ಲಿ ಹಿಂದೆ ಬಿದ್ದ ನೀಲಿಗಳು.

ಇವು ಗುಚ್ಛಕ್ಕೆ ಸೇರಿದವೇ ಅಲ್ಲ, ನಡುವೆ ಅಡ್ಡ ಬಂದ ಬೇರೆಯವು ಎಂದು ಅನುಮಾನಪಟ್ಟವರಿದ್ದರು. ಅಲ್ಲ, ಅಲ್ಲಿನವೇ. ಎರಡು ನಕ್ಷತ್ರ ಸೇರಿ ಒಂದಾದರೆ, ಅಥವಾ ಜೊತೆಗಾರನ ಹೈಡ್ರೋಜನ್ ಇದಕ್ಕೆ ಹರಿದು ಬಂದರೆ, ಇದರ ತೂಕ ಹೆಚ್ಚುತ್ತದೆ, ಗಡಿಯಾರ ಹೊಸದಾಗಿ ಶುರುವಾಗುತ್ತದೆ. ಕೊಟ್ಟದ್ದು ಸಣ್ಣ ಕೆಂಡವಾಗಿ ಜೊತೆಯಲ್ಲೇ ಸುತ್ತುತ್ತಿರುತ್ತದೆ. ಮಾಮೂಲು ಬೆಳಕಿನಲ್ಲಿ ಅದು ಕಾಣಿಸುವುದಿಲ್ಲ, ಅತಿನೇರಳೆಯಲ್ಲಿ ಹುಡುಕಬೇಕು. ಲೆಕ್ಕಕ್ಕೆ ಸಿಗದ್ದನ್ನು ತಪ್ಪು ಅನ್ನಬೇಡಿ, ಪಕ್ಕದಲ್ಲಿ ಯಾರಿದ್ದಾರೆ ನೋಡಿ ಎಂದು ವಿದ್ಯಾರ್ಥಿಗಳಿಗೆ ಗದರುವವಳು ನಾನು. ಸ್ವಂತ ತಮ್ಮನ ವಿಷಯದಲ್ಲಿ ಮಾತ್ರ ತಪ್ಪನ್ನು ಮೇಷ್ಟ್ರ ತಲೆಗೆ ಕಟ್ಟಿ ಹಾಯಾಗಿದ್ದೆ.

ಗುರುವಾರ ಸಂಜೆ ಮೈಸೂರಿಗೆ ಫೋನ್ ಮಾಡಿದೆ. ಅಮ್ಮ ಮೊದಲು ರೇಗಿದಳು, ಆಮೇಲೆ ಹೇಳಿದಳು. ರಮೇಶ ಅವಳ ತಂಗಿ ಜಯಾಳ ಮಗ. ಜಯಾ ಚಿಕ್ಕಮ್ಮ ಕಾಮಾಲೆಯಲ್ಲಿ ತೀರಿಕೊಂಡಾಗ ಅವನಿಗೆ ಹನ್ನೊಂದು ತಿಂಗಳು. ಚಿಕ್ಕಪ್ಪ ಇನ್ನೊಂದು ಮದುವೆಯಾಗಿ ದೂರ ಹೋದರು. ಅಮ್ಮ ಅವನನ್ನು ಎತ್ತಿಕೊಂಡು ಬಂದ ದಿನವೇ ನಾವು ಮಾಡುವ ಹುಟ್ಟುಹಬ್ಬ. ಶಾಲೆಗೆ ಸೇರಿಸುವಾಗ ಅಪ್ಪ ತಂದೆತಾಯಿಯ ಜಾಗದಲ್ಲಿ ತಮ್ಮ ಹೆಸರುಗಳನ್ನೇ ಬರೆಸಿದರು. ತಾರೀಕು ಮಾತ್ರ ನಿಜದ್ದು ಕೊಟ್ಟರು.

“ಕಾಗದದಲ್ಲಿ ನನ್ನ ಹೆಸರು ಹೊಡೆದು ಹಾಕ್ಬೇಡ ಕಣೆ ನಿರುಪಮಾ,” ಅಂದಳು ಅಮ್ಮ. “ನಲವತ್ತು ವರ್ಷದಿಂದ ಅವನಮ್ಮ ಆಗಿದೀನಿ.”

ಈಗ ಹೇಳಿ, ನಾನು ಏನು ಮಾಡಬೇಕಿತ್ತು? ಸಹಿ ಹಾಕಿದರೆ ಪ್ರಮಾಣ ಮಾಡಿ ಹೇಳಿದ ಸುಳ್ಳು. ಹಾಕದಿದ್ದರೆ ತಮ್ಮನ ಹನ್ನೆರಡು ವರ್ಷ ನೀರುಪಾಲು. ಬಾಯಿ ಬಿಟ್ಟರೆ ಅಮ್ಮನಿಗೆ ದ್ರೋಹ. ಹೈವೇ ಉದ್ದಕ್ಕೂ ಇದನ್ನೇ ತಿರುವಿ ಹಾಕಿದೆ. ಕಲಮಜೂ ಅನ್ನುವ ಊರಿನ ಹತ್ತಿರ ಕಾಫಿ ತೆಗೆದುಕೊಂಡು ಕುಡಿಯದೆ ಚೆಲ್ಲಿದೆ. ಆ್ಯನ್ ಆರ್ಬರ್ ದಾಟಿದ ಮೇಲೆ ಎಕ್ಸಿಟ್ ತಪ್ಪಿಸಿಕೊಂಡು, ಏನೂ ಮಾಡದ ಟ್ರಕ್ಕಿನವನನ್ನು ಬೈದೆ. ವಾಪಸ್ ಹೋಗಿಬಿಡೋಣ ಎಂದು ಎರಡು ಸಲ ಅನ್ನಿಸಿತು. ಹೋಗಲಿಲ್ಲ.

ರಮೇಶ ಬಾಗಿಲಲ್ಲೇ ರಾಗ ತೆಗೆದ. ನಕ್ಷತ್ರಕ್ಕೆ ರಾತ್ರಿಯೆಲ್ಲ ಸಮಯ ಕೊಡುವವಳಿಗೆ ತಮ್ಮನಿಗೆ ಒಂದು ನಿಮಿಷ ಇಲ್ಲವೇ ಎಂದು ಶುರುಮಾಡಿ, ಕಾಫಿ ಕೊಟ್ಟು, ಅಡುಗೆಮನೆಯ ಮೇಜಿನ ಮೇಲೆ ಅಫಿಡವಿಟ್ಟನ್ನೂ ಪೆನ್ನನ್ನೂ ತಂದಿಟ್ಟ. ನಾನು ಪೆನ್ನು ಮುಟ್ಟಲಿಲ್ಲ. ದಾರಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು. ಹಲ್ಲಿನಿಂದ ಶುರುಮಾಡಿ, ಅಮ್ಮ ಹೇಳಿದ್ದನ್ನೆಲ್ಲ ಹಾಗೇ ಒದರಿಬಿಟ್ಟೆ.

ಅವನು ಮೊದಲು ನಕ್ಕ. ನಾನು ನಗದಿರುವುದನ್ನು ನೋಡಿ ನಿಲ್ಲಿಸಿದ.

“ಯಾವ ಜಯಾ ಚಿಕ್ಕಮ್ಮ? ದೇವರ ಮನೆ ಬಾಗಿಲ ಮೇಲೆ ಫೋಟೋ ಇದೆಯಲ್ಲ, ಅವರಾ?”

ಹೌದು ಎಂದೆ. ಅವನು ಗ್ಯಾರೇಜಿನ ಬಾಗಿಲವರೆಗೆ ಹೋಗಿ ಬಂದ, ಮತ್ತೆ ಹೋದ, ಮತ್ತೆ ಬಂದ. ಚಿಕ್ಕವನಿದ್ದಾಗಲೂ ಅಳು ಬಂದರೆ ಹೀಗೇ ಓಡಾಡುತ್ತಿದ್ದ.

“ಪ್ರತಿ ಶುಕ್ರವಾರ ಸ್ಟೂಲ್ ಹತ್ತಿ ಆ ಗಾಜು ಒರೆಸ್ತಿದ್ದೋನು ನಾನು, ಅಕ್ಕ,” ಅಂದ. “ಒಬ್ರೂ ಹೇಳ್ಲಿಲ್ಲ.”

ನನಗೆ ಕಣ್ಣು ತುಂಬಿ ಬಂತು. ಅಮ್ಮನ ಕೋರಿಕೆಯನ್ನೂ ಹೇಳಿದೆ. ನೀನು ಹಾಕು ಅಂದರೆ ಈಗಲೇ ಸಹಿ ಹಾಕುತ್ತೇನೆ, ಪಾಪವೋ ಪುಣ್ಯವೋ ನನಗಿರಲಿ ಎಂದೆ. ನಿಜವಾಗಿಯೂ ಹಾಕುತ್ತಿದ್ದೆ. ಅವನು ಕಾಗದವನ್ನು ನನ್ನ ಮುಂದಿನಿಂದ ಎಳೆದುಕೊಂಡು ನಾಲ್ಕು ಮಡಿಕೆ ಮಾಡಿದ. ವಕೀಲರಿಗೆ ಫೋನ್ ಹಚ್ಚಿ, ಅಫಿಡವಿಟ್‌ನಲ್ಲಿ ಬರೆದದ್ದು ಸರಿಯಿಲ್ಲ, ಬೇರೆ ಬರೆಯಬೇಕು, ಸೋಮವಾರಕ್ಕೆ ಆಗದಿದ್ದರೆ ಆಗಲಿಲ್ಲ ಎಂದು ಮೆಸೇಜ್ ಬಿಟ್ಟ. ಮಾತು ತಡವರಿಸಲಿಲ್ಲ.

ಆಮೇಲೆ ಮೈಸೂರಿಗೆ ಮಾಡಿದ. ಬೇಡ, ಸ್ವಲ್ಪ ಹೊತ್ತು ತಡಿ ಎಂದೆ. ಅವನು ನನ್ನ ಕಡೆ ತಿರುಗಲೇ ಇಲ್ಲ. ಎರಡನೇ ರಿಂಗಿಗೇ ಅಮ್ಮ ಎತ್ತಿಕೊಂಡಳು. ಗುರುವಾರದಿಂದ ಫೋನಿನ ಪಕ್ಕದಲ್ಲೇ ಕೂತಿದ್ದಳೋ ಏನೋ. ಊಟ ಆಯ್ತಾ ಮಗಾ ಎಂದು ಕೇಳಿದಳು.

“ಆಯ್ತಮ್ಮ,” ಅಂದ ರಮೇಶ. ಕುರ್ಚಿ ಎಳೆದುಕೊಂಡು ಕೂತ.

“ಅಮ್ಮಾ, ನಮ್ಮಮ್ಮ ಹೇಗಿದ್ರು, ಹೇಳು.”