ಹೊಳೆ ಸೇರುವ ಮೂಲೆ

ರಾತ್ರಿಯೆಲ್ಲ ಡ್ರೋನನ್ನು ಜಾರುಬಂಡಿಯ ಮೇಲೆ ಹೊರಗೇ ಬಿಟ್ಟಿದ್ದೆ. ಒಲೆಯ ಪಕ್ಕದಿಂದ ಎತ್ತಿಕೊಂಡು ಬಂದರೆ ಕ್ಯಾಮೆರಾದ ಕಣ್ಣು ಬೆವರುತ್ತದೆ, ಆ ಬೆವರು ಹೆಪ್ಪುಗಟ್ಟಿ ಏನೂ ಕಾಣುವುದಿಲ್ಲ. ಬ್ಯಾಟರಿಗಳ ಮಾತು ಬೇರೆ. ಅವು ಎಳೆಗೂಸುಗಳ ಹಾಗೆ. ಅಂಗಿಯೊಳಗೆ ಎದೆಗೊತ್ತಿಕೊಂಡೇ ಇರಬೇಕು.

"ನೋಡು, ಎದೇಲಿ ಕೂಸು ಕಟ್ಕೊಂಡು ಓಡಾಡ್ತಾನೆ. ಮದುವೆ ಮಾತ್ರ ಬೇಡ ಇವನಿಗೆ," ಎಂದರು ಇಂಗಾ ಅತ್ತೆ.

"ಹೆಣ್ಣು ಹುಡುಕಿದ್ದೀರಾ ಅತ್ತೆ?"

"ನಿನ್ನ ಮೈವಾಸನೆಗೆ ಸಾರಂಗವೇ ಹತ್ರ ಬರಲ್ಲ ಮಾಹ್ತೆ, ಹೆಣ್ಣು ಬರ್ತಾಳಾ? ಹಾರಿಸು, ಬೆಳಕು ಹೋಗತ್ತೆ."

ಉತ್ತರ ಧ್ರುವದ ಅಂಚಿನ ನಮ್ಮ ಸಾಮಿ ನಾಡಿನಲ್ಲಿ ನಡುಚಳಿಗಾಲಕ್ಕೆ ಸೂರ್ಯ ಹುಟ್ಟುವುದಿಲ್ಲ. ಮಧ್ಯಾಹ್ನ ಸ್ವಲ್ಪ ಹೊತ್ತು ನೀಲಿ ಬೆಳಕು, ಅಷ್ಟೇ. ಹಿಂದಿನ ವಾರ ಹಿಮದ ಮೇಲೆ ಮಳೆ ಬಿದ್ದು, ಹೆಪ್ಪುಗಟ್ಟಿ, ನೆಲವೆಲ್ಲ ಗಾಜಾಗಿತ್ತು. ಎಷ್ಟು ಕೆದಕಿದರೂ ಅಡಿಯ ಕಲ್ಲುಹೂವು ಸಿಗದೆ ಅತ್ತೆ ಸಾಕಿದ ಹಿಮಸಾರಂಗಗಳು ಬೇರೆ ಮೇವು ಹುಡುಕುತ್ತ ಹೋಗಿಬಿಟ್ಟಿದ್ದವು. ಹೆಚ್ಚಿನವು ಗಬ್ಬದ ಹೆಣ್ಣುಗಳು. ಗಾಜಿನ ಮೇಲೆ ಹೆಜ್ಜೆ ಗುರುತೂ ಇರಲಿಲ್ಲ. ಸರೋವರದ ಕಡೆ ಹೋಗಿದ್ದರೆ ಎಂಬುದೇ ಭಯ. ಹೊಳೆ ಬಂದು ಸೇರುವ ಮೂಲೆಯಲ್ಲಿ ನೀರು ಒಳಗೊಳಗೇ ಹರಿಯುತ್ತಿರುತ್ತದೆ. ಅಲ್ಲಿಯ ಮಂಜುಗಡ್ಡೆಯನ್ನು ನಂಬುವ ಹಾಗಿಲ್ಲ.

ಡ್ರೋನ್ ಗುಂಯ್ ಎಂದು ಎದ್ದಿತು. ಕೈಗವಸು ತೆಗೆದ ಬೆರಳುಗಳು ಕೂಡಲೇ ಕಟ್ಟಿಗೆಯಾದವು. ಬಿಳಿ ಬಯಲು, ಒಂದಿಷ್ಟು ಕುರುಚಲು, ಮತ್ತೆ ಬಿಳಿ ಬಯಲು. ಆಮೇಲೆ ಕೈಯಲ್ಲಿದ್ದ ಪರದೆಯ ಮೇಲೆ ಎಳ್ಳು ಚೆಲ್ಲಿದಂತೆ ಹಿಂಡು.

"ಸಿಕ್ವು ಅತ್ತೆ!"

"ಎಲ್ಲಿ?"

ಪರದೆಯನ್ನೇ ಅವರತ್ತ ತಿರುಗಿಸಿದೆ. ಸರೋವರದ ನಡುವೆ ನಿಂತಿದ್ದವು. ಅವುಗಳ ಮುಂದೆ ಹೊಳೆ ಸೇರುವ ಮೂಲೆ. ಅದರ ಮೇಲೆ ಹಬೆ ಏಳುತ್ತಿತ್ತು.

ಅತ್ತೆ ಜಾರುಬಂಡಿಯಲ್ಲಿದ್ದ ಮೂಟೆ ಬಿಚ್ಚಿ, ನಾವು ನಿಂತಿದ್ದ ಈಚೆ ದಡದಲ್ಲಿ ಕಲ್ಲುಹೂವು ಸುರಿದರು. ಬಾಯಿಗೆ ಕೈ ಅಡ್ಡ ಹಿಡಿದು, ಮೇವು ಹಾಕುವಾಗಿನ ಉದ್ದ ದನಿಯಲ್ಲಿ ಕರೆಯತೊಡಗಿದರು. ಪರದೆಯಲ್ಲಿ ಹಿಂಡಿನ ಮುಂದಿದ್ದ ಮುದಿ ಹೆಣ್ಣುಸಾರಂಗ ತಲೆಯೆತ್ತಿತು. ಎತ್ತಿ, ನಾಲ್ಕು ಹೆಜ್ಜೆ ಹಬೆಯ ಕಡೆಗೇ ಸರಿಯಿತು. ಉಳಿದವೂ ಸರಿದವು.

"ಯಾಕೋ? ನನ್ ದನಿ ಮರೆತ್ವಾ?"

ಆಗ ನನಗೆ ಹೊಳೆಯಿತು. ಮರಿಗಳಿಗೆ ಕಿವಿಗುರುತು ಹಾಕಲು ದೊಡ್ಡಿಗೆ ಹೊಡೆಯುವಾಗಲೆಲ್ಲ ಇದೇ ಡ್ರೋನನ್ನು ಹಿಂಡಿನ ಬೆನ್ನಿಗೆ ಬಿಟ್ಟಿದ್ದೆವು. ಗುಂಯ್ ಕೇಳಿದರೆ ಅದಕ್ಕೆ ಬೆನ್ನು ಹಾಕಿ ನಡೆಯುವುದನ್ನು ಅವು ಚೆನ್ನಾಗಿ ಕಲಿತಿದ್ದವು. ಈಗ ಆ ಸದ್ದು ನಮಗೂ ಅವಕ್ಕೂ ನಡುವೆ ನಿಂತಿತ್ತು.

"ಸುತ್ತು ಹಾಕಿಸಿ ಆಚೆಯಿಂದ ಹೊಡೀತೀನಿ."

"ಆ ಹಬೆಯೊಳಗೆ? ರೆಕ್ಕೆಗೆ ಮಂಜು ಹತ್ತಿ ಅವುಗಳ ತಲೆ ಮೇಲೇ ಬೀಳತ್ತೆ."

"ಹಾಗಾದ್ರೆ ಇನ್ನೂ ಮೇಲಕ್ಕೆ..."

"ಈ ಚಳೀಲಿ ಆಚೆ ದಡದಲ್ಲಿ ಕೆಮ್ಮಿದ್ರೂ ಇಲ್ಲಿಗೆ ಕೇಳತ್ತೆ. ಅದರ ಬಾಯಿ ಮುಚ್ಸು."

"ಮುಚ್ಸಿದ್ರೆ ಎಲ್ಲಿ ಹೋಗ್ತಾವೆ ಅಂತ ಕಾಣಲ್ವಲ್ಲ ಅತ್ತೆ!"

"ನಿನಗೆ ಕಾಣ್ಬೇಕೋ, ಅವು ಬರ್ಬೇಕೋ?"

ಬೆರಳು ಕೇಳಲಿಲ್ಲ. ಕಾಣುತ್ತಿರುವಷ್ಟು ಹೊತ್ತು ಅವು ನನ್ನ ಕೈಯಲ್ಲೇ ಇವೆ ಎನ್ನಿಸುತ್ತಿತ್ತು. ಮುದಿ ಹೆಣ್ಣು ಇನ್ನೊಂದು ಹೆಜ್ಜೆ ಇಟ್ಟಿತು. ಡ್ರೋನನ್ನು ದೂರದ ಕುರುಚಲಿನ ಆಚೆಗೆ ಒಯ್ದು ಇಳಿಸಿದೆ. ಪರದೆಯಲ್ಲಿ ಹಿಮ ಮಾತ್ರ ಉಳಿಯಿತು. ಆಮೇಲೆ ಅದೂ ಆರಿತು.

ಅತ್ತೆ ಕರೆಯುತ್ತಲೇ ಇದ್ದರು. ಅವರ ರೆಪ್ಪೆಗಳೆಲ್ಲ ಬೆಳ್ಳಗಾಗಿದ್ದವು. ನೀಲಿ ಬೆಳಕು ಕಂದುತ್ತ ಬಂತು. ಮಂಜುಗಡ್ಡೆ ಬಿರುಕು ಬಿಡುವ ಸದ್ದಿಗಾಗಿ ಕಾಯುತ್ತಿದ್ದೇನೆ ಎಂಬುದು ನನಗೇ ತಡವಾಗಿ ತಿಳಿಯಿತು.

ಮೊದಲು ಕೇಳಿದ್ದು ಚಿಟಿಚಿಟಿ. ಅದು ಗಡ್ಡೆಯ ಸದ್ದಾಗಿರಲಿಲ್ಲ. ಸಾರಂಗ ನಡೆದರೆ ಕಾಲಿನ ನರ ಹೀಗೇ ಚಿಟಿಗುಟ್ಟುತ್ತದೆ. ಒಂದು, ಆಮೇಲೆ ಹಲವು, ಆಮೇಲೆ ಕತ್ತಲ ತುಂಬ. ಮುದಿ ಹೆಣ್ಣು ನಮ್ಮನ್ನು ಕಂಡೂ ಕಾಣದಂತೆ ದಾಟಿ ಹೋಗಿ ಮೇವಿಗೆ ಬಾಯಿ ಹಾಕಿತು.

"ಎಲ್ಲಾ ಬಂದ್ವಾ ಅತ್ತೆ? ಹಾರಿಸಿ ನೋಡ್ಲಾ?"

"ಸುಮ್ನಿರೋ. ಇನ್ನೊಂದು ಮೂಟೆ ಬಿಚ್ಚು," ಎಂದು ಅತ್ತೆ ಮತ್ತೆ ಸರೋವರದ ಕಡೆ ತಿರುಗಿ, ಒಡೆದ ದನಿಯಲ್ಲೇ ಕರೆಯತೊಡಗಿದರು.