ಹೆಸರು ಕೇಳಿ ಕೊಡುವ ಮಾತ್ರೆ

ವಾರ್ಡಿನಲ್ಲಿ ನನಗೆ ‘ಹೊಸಬಳು’ ಎಂದೇ ಹೆಸರು. ನರ್ಸಾಗಿ ಸೇರಿ ಮೂರು ತಿಂಗಳಾಯಿತು. ಎದೆಗೆ ಹಾಕಿಕೊಳ್ಳುವ ಹೆಸರಿನ ಪಟ್ಟಿ ಇನ್ನೂ ಬಂದಿಲ್ಲವಂತೆ. “ಹೊಸಬಳಿಗೆ ಹೇಳು, ಮಾಡ್ತಾಳೆ” ಎನ್ನುವವರೇ ಎಲ್ಲ. ಊಟದ ಕೋಣೆಗೆ ನಾನು ಕಾಲಿಟ್ಟರೆ ಅವರ ಮಾತು ನಿಲ್ಲುವುದಿಲ್ಲ, ಒಂದು ಕುರ್ಚಿಯೂ ಸರಿಯುವುದಿಲ್ಲ. ಬಾಗಿಲ ಪಕ್ಕ ನಿಂತೇ ಡಬ್ಬಿ ಖಾಲಿ ಮಾಡುತ್ತೇನೆ. ಅಮ್ಮ ಫೋನಿನಲ್ಲಿ “ಕೆಲ್ಸ ಹೇಗಿದೆ?” ಎಂದರೆ “ಚೆನ್ನಾಗಿದೆ” ಎನ್ನುತ್ತೇನೆ. ಫೋನಿಟ್ಟ ಮೇಲೆ, ನಾಲ್ಕು ವರ್ಷ ಕಷ್ಟಪಟ್ಟು ಓದಿದ್ದು ಇದಕ್ಕಾ ಎಂದು ಅಳು ಬರುತ್ತದೆ.

ಆವತ್ತು ಜೇಬಿನಲ್ಲಿ ರಾಜೀನಾಮೆ ಪತ್ರವಿತ್ತು. ಡ್ಯೂಟಿ ಮುಗಿದೊಡನೆ ಹೆಡ್ ಸಿಸ್ಟರ್ ಕೈಗಿತ್ತು ಹೊರಡುವುದೆಂದು ಗಟ್ಟಿ ಮನಸ್ಸು ಮಾಡಿದ್ದೆ. ಬೆಳಿಗ್ಗೆ ಅವರೇ ಹೊಸ ನರ್ಸ್‌ಗಳಿಗೆಲ್ಲ ಒಂದೊಂದು ಹಾಳೆ ಹಂಚಿದರು. ‘ಕೆಲಸ ತೃಪ್ತಿ ಕೊಟ್ಟಿದೆಯೇ? ಕಾರಣ ಬರೆಯಿರಿ.’

“ಹೆಸರು ಬರೀಬೇಡಿ,” ಎಂದರು.

ನಾನು ಬರೆದರೂ ಯಾರದೆಂದು ಗೊತ್ತಾಗುತ್ತಿರಲಿಲ್ಲ ಬಿಡಿ.

ಮಾತ್ರೆ ಕೊಡುವ ಮುಂಚೆ ರೋಗಿಯ ಬಾಯಿಂದಲೇ ಹೆಸರು ಹೇಳಿಸಬೇಕು, ಅದು ನಿಯಮ. ಏಳನೇ ಬೆಡ್ಡಿನ ಅಜ್ಜಿಯನ್ನು ಹತ್ತು ದಿನದಿಂದ ದಿನಕ್ಕೆ ಮೂರು ಸಲ ಕೇಳುತ್ತಿದ್ದೆ. “ಇನ್ನೂ ಬಾಯಿಪಾಠ ಆಗ್ಲಿಲ್ವೇನೇ? ಪರೀಕ್ಷೆ ಹೇಗೆ ಪಾಸಾದೆ?” ಎಂದು ಕಾಲೆಳೆದು, ಆಮೇಲೆ ಗತ್ತಿನಿಂದ ಪೂರ್ತಿ ಹೆಸರು ಹೇಳುತ್ತಿದ್ದರು.

ಆ ಮಧ್ಯಾಹ್ನ ನನ್ನ ತಲೆಯಲ್ಲಿ ಪತ್ರ ಬಿಟ್ಟರೆ ಬೇರೇನೂ ಇರಲಿಲ್ಲ. ಮಾತ್ರೆಯ ಪುಟ್ಟ ಲೋಟ ಚಾಚಿದೆ. ಅಜ್ಜಿ ಕೈ ಹಿಂದೆಳೆದುಕೊಂಡರು.

“ಹೆಸರು ಕೇಳ್ಲಿಲ್ಲ ನೀನು.”

ಲೋಟದ ಚೀಟಿ ನೋಡಿದೆ. ಎಂಟನೇ ಬೆಡ್ಡಿನದು, ಸಕ್ಕರೆ ಕಾಯಿಲೆಯ ಮಾತ್ರೆ. ಈ ಅಜ್ಜಿಗೆ ಆ ಕಾಯಿಲೆಯೇ ಇಲ್ಲ. ಲೋಟವನ್ನು ಸರಕ್ಕನೆ ಹಿಂದೆಳೆದುಕೊಂಡೆ.

“ತಪ್ಪಾಯ್ತು ಅಜ್ಜಿ.”

“ನಾನು ನುಂಗ್ಲಿಲ್ವಲ್ಲ, ಬಿಡು. ಅದ್ಸರಿ, ನಿನ್ ಹೆಸರೇನೇ? ದಿನಾ ನಂದೇ ಕೇಳ್ತೀಯ.”

ಹೇಳಿದೆ. ಆ ವಾರ್ಡಿನಲ್ಲಿ ನನ್ನನ್ನು ಯಾರಾದರೂ ಹೆಸರು ಕೇಳಿದ್ದು ಅದೇ ಮೊದಲು. ಅವರು ಅದನ್ನು ತಾವೂ ಒಮ್ಮೆ ಹೇಳಿ ನೋಡಿದರು, ತಪ್ಪಿಲ್ಲದೆ.

ತಪ್ಪನ್ನು ಮುಚ್ಚಿಡಬಹುದಿತ್ತು, ನೋಡಿದವರು ಯಾರೂ ಇರಲಿಲ್ಲ. ಮನಸ್ಸು ಒಪ್ಪಲಿಲ್ಲ. ಇಂಥ ತಪ್ಪುಗಳಿಗೆಂದೇ ಒಂದು ಫಾರಂ ಇದೆ, ಅದರಲ್ಲಿ ಮೊದಲ ಸಾಲೇ ಹೆಸರು. ತುಂಬಿಸಿ ಕೊಟ್ಟೆ. ಹೆಡ್ ಸಿಸ್ಟರ್ ಎರಡು ಸಲ ಓದಿದರು.

“ಇದು ಯಾರು?”

“ನಾನೇ, ಸಿಸ್ಟರ್.”

“ಓ, ನೀನಾ...” ಫಾರಂಗೆ ಸಹಿ ಹಾಕಿದರು. “ಹೇಳಿದ್ದು ಒಳ್ಳೇದಾಯ್ತು. ನಾಳೇನೂ ನೀನೇ ಮಾತ್ರೆ ಕೊಡು.”

ಪತ್ರ ಜೇಬಿನಲ್ಲೇ ಉಳಿಯಿತು. ತೃಪ್ತಿಯ ಹಾಳೆಯಲ್ಲಿ, ಕಾರಣ ಕೇಳಿದ ಕಡೆ ಬರೆದೆ: ‘ಏಳನೇ ಬೆಡ್ಡಿನ ಅಜ್ಜಿಗೆ ನನ್ನ ಹೆಸರು ಗೊತ್ತು.’

ಅವರು ನಾಡಿದ್ದು ಮನೆಗೆ ಹೋಗುತ್ತಾರೆ. ಅಲ್ಲಿಯವರೆಗಂತೂ ಇರುತ್ತೇನೆ.