ಗುರುವಾರದ ನೀರು

ಅದೇ ದೂರು ಮೂರನೆಯ ಸಲ ಬಂದಿತ್ತು. "ಗುರುವಾರ ಎಂಟು ಗಂಟೆ. ಸರದಿ ಫೋನಿನಲ್ಲಿದೆ. ಕಾಲುವೆಯಲ್ಲಿಲ್ಲ. ಈರುಳ್ಳಿ ಹಳದಿಯಾಗುತ್ತಿದೆ. ಸಾಲ್ಕಿನ್." ಬುರುಲ್ ಚಹಾದ ಬಟ್ಟಲು ಕೆಳಗಿಟ್ಟು ಮತ್ತೊಮ್ಮೆ ಓದಿದಳು. ಸಾಲ್ಕಿನ್ ಅಜ್ಜಿ ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ತಂತಿ ಕಳಿಸಿ ನಿವೃತ್ತಳಾದವಳು. ಒಂದು ಪದವನ್ನೂ ದಂಡ ಮಾಡುವ ಜಾಯಮಾನದವಳಲ್ಲ.

‘ಕೆಜೆಕ್’ ಎಂದರೆ ಸರದಿ. ಉಜ್ಗೆನ್ ಪಟ್ಟಣದ ಸುತ್ತಲಿನ ಹನ್ನೊಂದು ಹಳ್ಳಿಗಳಲ್ಲಿ ಯಾವ ಹೊಲಕ್ಕೆ ಯಾವಾಗ ನೀರು ಎಂದು ಹೇಳುವ ತಂತ್ರಾಂಶ ಅದು. ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಅದರ ಒಳಗನ್ನು ಓದಬಹುದು, ತಿದ್ದಬಹುದು; ಬಂದ ದೂರುಗಳನ್ನು ಊರೆಲ್ಲ ನೋಡಬಹುದು. ಬುರುಲ್ ಶಾಲೆಯಲ್ಲಿ ಗಣಿತದ ಮೇಡಂ. ರಜೆಯ ದಿನಗಳಲ್ಲಿ ಬೆಳಗಾದರೆ ದೂರು ವಿಂಗಡಿಸುವುದು ಅವಳ ಪಾಲಿನ ಬಿಟ್ಟಿ ಚಾಕರಿ. ನಿಜವಾದ ಬಗ್ ಯಾವುದು, ಬರೀ ಕೈತಪ್ಪು ಯಾವುದು ಎಂದು ನೋಡಬೇಕು. ಬಗ್ ಆದರೆ ‘ಹೊಣೆ’ ಎಂಬ ಖಾನೆಯಲ್ಲಿ ಅದನ್ನು ಸರಿಪಡಿಸಬೇಕಾದ ಒಬ್ಬರ ಹೆಸರು ಬರೆಯಬೇಕು. ಒಬ್ಬರದೇ. ಇಬ್ಬರ ಹೆಸರು ಬರೆದರೆ ಇಬ್ಬರೂ ಮಾಡುವುದಿಲ್ಲ.

ಮೊದಲ ಸಲ ಅವಳು ರಾಜಧಾನಿ ಬಿಷ್ಕೆಕ್‌ನಲ್ಲಿರುವ ಕುಬಾತ್‌ನ ಹೆಸರು ಬರೆದಿದ್ದಳು. ಕೆಜೆಕ್‌ನ ಅರ್ಧಕ್ಕಿಂತ ಹೆಚ್ಚು ಬರೆದವನು ಅವನೇ. ಮೂರು ದಿನ ಹುಡುಕಾಡಿ ಫೋನು ಮಾಡಿದ.

"ಎಲ್ಲಾ ಸರಿಯಾಗೇ ಇದೆ ಅಕ್ಕ. ನೀರು ಬರ್ಲಿಲ್ಲ ಅಂದ್ರೆ ನಾನೇನು ಇಲ್ಲಿಂದ ಬಿಂದಿಗೇಲಿ ಹೊತ್ಕೊಂಡು ಬರ್ಲಾ? ಇನ್ನೊಂದ್ಸಲ ಇದನ್ನ ನನ್ ತಲೆಗೆ ಕಟ್ಬೇಡ."

ಎರಡನೆಯ ಸಲ ಅವಳೇ ಪರೀಕ್ಷಿಸಿ, "ನಮ್ಮಲ್ಲಿ ಆ ತೊಂದರೆ ಮರುಕಳಿಸಲಿಲ್ಲ" ಎಂದು ಬರೆದು ಮುಚ್ಚಿದ್ದಳು. ಈಗ ಹಳೆಯ ದಾಖಲೆಗಳನ್ನೆಲ್ಲ ತೆರೆದು ಕೂತಳು. ಮೂರು ಗುರುವಾರವೂ ಎಂಟಕ್ಕೆ ಸರಿಯಾಗಿ "ನೀರು ಬಿಟ್ಟಾಯಿತು" ಎಂಬ ಗುರುತು ಬಿದ್ದಿತ್ತು. ಹಾಕಿದವರು ತೂಬು ತೆರೆದು ಹೊಲಗಳಿಗೆ ನೀರು ಬಿಡುವ ನೀರುಗಂಟಿ ಎಸೆನ್‌ಕುಲ್, ಅವಳ ಸೋದರಮಾವ. ಎರಡು ವರ್ಷದ ಹಿಂದೆ ಹಿರಿಯರೆಲ್ಲ ಕೆಜೆಕ್ ಬೇಡವೆಂದು ಗಡ್ಡ ನೀವುತ್ತ ಕೂತಿದ್ದಾಗ ಎದ್ದು ನಿಂತು ಒಪ್ಪಿಸಿದವರೂ ಅವರೇ. ಅವರ ಮಾತಿನ ಮೇಲೆ ಹನ್ನೊಂದು ಹಳ್ಳಿಗಳು ಅದಕ್ಕೆ ಸೇರಿದವು.

ಅವಳು ಫೋನು ಮಾಡಿದಾಗ ಮಾವ ನಕ್ಕರು. "ಬಿಟ್ಟಿದೀನಿ ಕಣೇ. ಆ ಮುದುಕಿಗೆ ಅರಳುಮರಳು. ಮುಚ್ಚಾಕು ಅದನ್ನ."

ಬುರುಲ್‌ಗೆ ತಲೆ ಚಿಟ್ಟು ಹಿಡಿಯಿತು. ಮಾವ ಅವಳಿಗೆ ಯಾವತ್ತೂ ಸುಳ್ಳು ಹೇಳಿದವರಲ್ಲ. ಅಜ್ಜಿಯೂ ಹೇಳುವವಳಲ್ಲ. ತಂತ್ರಾಂಶಕ್ಕಂತೂ ಸುಳ್ಳು ಹೇಳಲು ಬರುವುದೇ ಇಲ್ಲ. ಮೂವರೂ ನಿಜವಾದರೆ ನೀರು ಹೋದದ್ದೆಲ್ಲಿಗೆ?

ಗುರುವಾರ ಅವಳು ಮೊದಲ ವ್ಯಾನು ಹಿಡಿದು ಹಳ್ಳಿಗೆ ಹೋದಳು. ಎಂಟಕ್ಕೆ ಅಜ್ಜಿಯ ಹೊಲದ ಅಂಚಿನ ಕಾಲುವೆಯಲ್ಲಿ ಇಳಿದು ನಿಂತಳು. ಮಣ್ಣು ಬಿರುಕು ಬಿಟ್ಟಿತ್ತು. ಈರುಳ್ಳಿಯ ಗರಿಗಳು ತುದಿಯಿಂದ ಒಣಗುತ್ತ ಬಂದಿದ್ದವು. ಇನ್ನೊಂದು ವಾರ ಹೀಗೇ ಹೋದರೆ ಗಡ್ಡೆ ಕಟ್ಟುವುದಿಲ್ಲ ಎಂದು ನೋಡಿದ ಯಾರಾದರೂ ಹೇಳಬಹುದಿತ್ತು. ಕೈಯಲ್ಲಿದ್ದ ಫೋನು ಸದ್ದು ಮಾಡಿತು.

"ಬಂತಾ?" ಅಜ್ಜಿ ಬದುವಿನ ಮೇಲಿಂದ ಕೇಳಿದಳು.

"ಗುರುತು ಬಂತು ಅಜ್ಜಿ. ನೀರು ಬಿಟ್ಟಾಯ್ತು ಅಂತ."

"ಹಂಗಾದ್ರೆ ಆ ಫೋನನ್ನೇ ಹಿಂಡು, ನಾಲ್ಕು ಹನಿ ಬೀಳಲಿ."

"ಮತ್ತೆ ನೀರೆಲ್ಲಿ ಹೋಯ್ತು?"

"ಬೀಗರ ಮನೆಗೆ ಊಟಕ್ಕೆ ಹೋಗಿದೆ." ಅಜ್ಜಿ ಗದ್ದ ಎತ್ತಿ ಮೇಲಿನ ದಿಬ್ಬ ತೋರಿಸಿದಳು. ಅಲ್ಲಿ ಭತ್ತದ ಗದ್ದೆ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಮಾವ ಈ ವಸಂತದಲ್ಲಿ ಮಗಳನ್ನು ಕೊಟ್ಟ ಮನೆಯ ಗದ್ದೆ. ಆ ಮದುವೆಯಲ್ಲಿ ಬುರುಲ್ ಎರಡು ದಿನ ಓಡಾಡಿ ಬಡಿಸಿದ್ದಳು.

"ಗೊತ್ತಿದ್ದೂ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಮೂರು ಸಲ ಹೇಳಿದೆ. ಯಾರು ಅಂತ ಬರೆಯೋ ಖಾನೆ ನನ್ ಫೋನಲ್ಲಿಲ್ಲ ಮಗಳೇ. ಅದು ನಿನ್ ಹತ್ರ ಇದೆ."

ಬುರುಲ್ ಒಣ ಕಾಲುವೆಯಲ್ಲೇ ಕುಕ್ಕರಗಾಲಲ್ಲಿ ಕೂತಳು. ಹಿರಿಯರನ್ನು ಎದುರಿಗೆ ಅಂದರೂ ನಡೆದೀತು, ಹನ್ನೊಂದು ಹಳ್ಳಿ ನೋಡುವ ಕಡೆ ಅವರ ಹೆಸರು ಬರೆಯುವುದೆಂದರೆ ಮಾವನ ಬಿಳಿ ಟೋಪಿಯನ್ನು ಕಿತ್ತು ಸಂತೆಯಲ್ಲಿ ಎಸೆದ ಹಾಗೆ. ಮಾವ ಮುನಿದರೆ ಕೆಜೆಕ್‌ನ ಕಥೆಯೂ ಮುಗಿಯಿತು. ಬರೆಯದಿದ್ದರೆ ಈ ಈರುಳ್ಳಿ ಮುಗಿಯಿತು. ಫೋನಿನ ಹೊಣೆಯ ಖಾನೆಯಲ್ಲಿ ಮಾವನ ಹೆಸರು ಬರೆದಳು, ಅಳಿಸಿದಳು. ತನ್ನದೇ ಹೆಸರು ಬರೆದು ನೋಡಿದಳು. ಅದೂ ಸುಳ್ಳೇ ಎನಿಸಿತು. ಕೊನೆಗೆ "ಎಸೆನ್‌ಕುಲ್" ಎಂದು ಬರೆದು, ಯೋಚಿಸಲು ಪುರಸೊತ್ತು ಕೊಡದೆ ಒತ್ತಿಬಿಟ್ಟಳು.

ಸ್ವಲ್ಪ ಹೊತ್ತಿನಲ್ಲಿ ಮಾವ ಕಾಲುವೆಯ ದಾರಿ ಹಿಡಿದು ಕುದುರೆಯ ಮೇಲೆ ಬಂದರು. ಅವಳನ್ನು ಕಂಡು ಮುಖವರಳಿಸಿದರು.

"ಏನೇ, ಹೇಳ್ದೆ ಕೇಳ್ದೆ! ನಡಿ, ಅತ್ತೆ ಮಾಂತಿ ಕಡುಬು ಬೇಯಿಸ್ತಿದಾಳೆ." ಜೇಬಿನಿಂದ ಫೋನು ತೆಗೆದು ಅವಳತ್ತ ಚಾಚಿದರು. "ಇದೇನೋ ಕಿಣಿಕಿಣಿ ಅಂತು ಈಗ. ಕನ್ನಡಕ ಮನೇಲಿದೆ, ನೀನೇ ಓದು."

ಅಷ್ಟರಲ್ಲಿ ಅಜ್ಜಿ ಹೊಲದ ಪಕ್ಕದ ತನ್ನ ಮನೆಯೊಳಗಿನಿಂದ ರೊಟ್ಟಿ ಹಿಡಿದು ಬಂದಳು. ಬಾಗಿಲಿಗೆ ಬಂದವರು ತುಣುಕಾದರೂ ಬಾಯಿಗೆ ಹಾಕದೆ ಹೋಗುವಂತಿಲ್ಲ. ಮಾವ ಬಗ್ಗಿ ಒಂದು ಚೂರು ಮುರಿದುಕೊಂಡರು.

ಬುರುಲ್ ಓದಿದಳು. "ದೂರು: ಗುರುವಾರದ ನೀರು ಹೊಲಕ್ಕೆ ಬರುತ್ತಿಲ್ಲ. ಬಗ್ ನಿಜ, ನಾನೇ ನೋಡಿದೆ. ತಂತ್ರಾಂಶದ ತಪ್ಪಲ್ಲ. ಹೊಣೆ: ಎಸೆನ್‌ಕುಲ್."

ಮಾವ ಅಗಿಯುವುದನ್ನು ನಿಲ್ಲಿಸಿದರು.

"ಇದನ್ನ ಯಾರ್ಯಾರು ಓದ್ತಾರೆ?"

"ಎಲ್ರೂ, ಮಾವ."

"ಬೀಗರೂ?"

"ಬೀಗರೂ."

ಅವರು ಫೋನು ವಾಪಸು ತೆಗೆದುಕೊಂಡು, ಕನ್ನಡಕವಿಲ್ಲದೆ ಅಕ್ಷರ ಕಾಣದಿದ್ದರೂ ತುಂಬ ಹೊತ್ತು ನೋಡಿದರು. ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿ, ಅಜ್ಜಿಯ ಕಡೆ ಕಣ್ಣು ಹಾಯಿಸದೆ, ಕುದುರೆಯನ್ನು ತಿರುಗಿಸಿ ದಿಬ್ಬದ ದಾರಿ ಹಿಡಿದರು. ತೂಬಿಗೂ ಅದೇ ದಾರಿ, ಬೀಗರ ಮನೆಗೂ ಅದೇ ದಾರಿ. ಯಾವುದಕ್ಕೆ ಹೊರಟರೋ ಬುರುಲ್‌ಗೆ ತಿಳಿಯಲಿಲ್ಲ.

ಅಜ್ಜಿ ಉಳಿದ ರೊಟ್ಟಿಯನ್ನು ಕಿಟಕಿಯ ಮೇಲಿಟ್ಟು, ಗೋಡೆಗೊರಗಿಸಿದ್ದ ಗುದ್ದಲಿ ತಂದು, ಹೊಲದ ಬಾಯಿಗೆ ಕಟ್ಟಿಕೊಂಡಿದ್ದ ಮಣ್ಣನ್ನು ಎಳೆಯತೊಡಗಿದಳು.

"ಸುಮ್ನೆ ನಿಂತ್ಕೋಬೇಡ ಮಗಳೇ. ನೀರಿಗೆ ಅಡ್ಡ ಇರೋ ಆ ಕಲ್ಲು ತೆಗಿ."

ಬುರುಲ್ ಚಪ್ಪಲಿ ಬಿಚ್ಚಿ ದಡದ ಮೇಲಿಟ್ಟು, ಬಗ್ಗಿ ಎರಡೂ ಕೈಯಿಂದ ಕಲ್ಲನ್ನು ಹಿಡಿದಳು.